ಜಡೆ ಹೊತ್ತಿದ ಶಾಟ್

ಹದಿನಾರನೇ ವಯಸ್ಸಿನಲ್ಲಿ ಅವಳು ಒಂದು ದೆವ್ವದ ಸಿನಿಮಾದಲ್ಲಿ ಮಾಟಗಾತಿಯಾಗಿದ್ದಳು. ಹೈಸ್ಕೂಲಿನ ಮೂವರು ಹುಡುಗಿಯರು ಹಳೇ ಪುಸ್ತಕವೊಂದರಿಂದ ಮಂತ್ರ ಕಲಿತು ತಮಗಾಗದವರ ಮೇಲೆಲ್ಲ ಮಾಟ ಮಾಡುವ ಕಥೆ. ಕೈ ಖಾಲಿಯಿದ್ದ ನಿರ್ದೇಶಕ ರಜೆಗೆ ಮುಚ್ಚಿದ್ದ ಶಾಲೆಯೊಂದನ್ನು ಹಿಡಿದು, ರಕ್ತಕ್ಕೆ ಬೀಟ್‌ರೂಟ್ ರಸ, ಮಂಜಿಗೆ ಸೊಳ್ಳೆ ಓಡಿಸುವ ಹೊಗೆ ಯಂತ್ರ ಎಂದು ಹೇಗೋ ತೇಪೆ ಹಾಕಿ ಮುಗಿಸಿದ ಚಿತ್ರ. ಕೊನೆಯ ದೃಶ್ಯದಲ್ಲಿ ಮೇಣದ ಬತ್ತಿಗಳ ನಡುವೆ ಕೂತಿದ್ದ ಅವಳ ಜಡೆಗೆ ನಿಜವಾಗಿಯೇ ಬೆಂಕಿ ಹತ್ತಿತು. ಯಾರೋ ಗೋಣಿಚೀಲ ಹೊದಿಸಿ ಆರಿಸುವಷ್ಟರಲ್ಲಿ ಕತ್ತಿನ ಹಿಂದೆ ಅಂಗೈಯಗಲ ಸುಟ್ಟಿತ್ತು. ಕ್ಯಾಮೆರಾ ಮಾತ್ರ ನಿಂತಿರಲಿಲ್ಲ.

ಆ ಶಾಟೇ ಚಿತ್ರವನ್ನು ದಡ ಸೇರಿಸಿತು. ಎಂಥ ಅಭಿನಯ ಎಂದು ನೋಡಿದವರೆಲ್ಲ ಹೊಗಳಿದರು. ಅವಳಿಗೆ ‘ಜಡೆ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆಮೇಲೆ ಇನ್ನಿಬ್ಬರು ನಿರ್ದೇಶಕರು ಕರೆದರು. ಆ ಮುಖ ಎಲ್ಲಿ ಹೋಯಿತು ಎಂದು ಹುಡುಕಿದರು. ಸಿಗದೆ ಮನೆಗೆ ಕಳಿಸಿದರು. ಬೆಂಕಿ ಹತ್ತಿದವಳು ಕಿರುಚಿದ್ದನ್ನು ನಟನೆ ಅಂದುಕೊಂಡರೆ ತಾನೇನು ಮಾಡಲಿ ಎಂದು ಜಡೆ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ಸೇರಿದಳು. ಫೋನು ಎತ್ತುವುದು, ರೋಗಿಗಳನ್ನು ಸರದಿಯಂತೆ ಒಳಗೆ ಬಿಡುವುದು, ಬಾಗಿಲಲ್ಲೇ ಬೆವರುವವರಿಗೆ ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ ಎಂದು ಧೈರ್ಯ ಹೇಳುವುದು. ಇಪ್ಪತ್ತು ವರ್ಷ ಹೀಗೇ ಸರಿದುಹೋಯಿತು.

ಒಂದು ಬೆಳಗ್ಗೆ ಆ ನಿರ್ದೇಶಕನೇ ಬಂದು ರೋಗಿಗಳ ಬೆಂಚಿನ ಮೇಲೆ ಕೂತ. ತಲೆ ಪೂರ್ತಿ ನೆರೆತಿತ್ತು.

“ಯಾವ ಹಲ್ಲು ಸರ್?” ಎಂದಳು.

“ಹಲ್ಲೆಲ್ಲ ಗಟ್ಟಿಯಾಗಿದೆ. ಎರಡನೇ ಭಾಗ ತೆಗೀತಿದ್ದೀನಿ. ಈ ಸಲ ಮಾಟ ಮಾಡೋಳು ನಿನ್ನ ಮಗಳು. ನೀನು ತಾಯಿ.”

ಮನೆಯಲ್ಲಿ ಅಮ್ಮ ಕೇಳಿ, “ಹಾವು ಕಚ್ಚಿದವಳು ಹಗ್ಗ ಕಂಡ್ರೂ ಹೆದರ್ತಾಳೆ. ನೀನು ಹೋಗಿ ಹುತ್ತಕ್ಕೇ ಕೈ ಹಾಕ್ತೀನಿ ಅಂತೀಯಲ್ಲೇ” ಎಂದಳು. ತನಗೆ ನಟನೆ ಬರುತ್ತದೋ ಇಲ್ಲವೋ ಎಂಬುದು ಜಡೆಗೇ ಗೊತ್ತಿರಲಿಲ್ಲ. ಅದನ್ನು ಒಮ್ಮೆ ನೋಡಿಬಿಡಬೇಕು ಅನ್ನಿಸಿತ್ತು. ಕ್ಲಿನಿಕ್ಕಿಗೆ ರಜೆ ಹಾಕಿದಳು.

ಖಾಲಿ ಬಿದ್ದ ಪೀಠೋಪಕರಣದ ಗೋದಾಮಿನಲ್ಲಿ ಪ್ಲೈವುಡ್ಡಿನ ಶಾಲೆ ಎದ್ದಿತ್ತು. ಮಗಳ ಪಾತ್ರದ ಹುಡುಗಿ ಕಾಲೇಜಿಗೆ ಆಗಷ್ಟೇ ಸೇರಿದವಳು; ಶಾಟ್ ಮುಗಿದ ಕೂಡಲೇ ಚೂಯಿಂಗ್ ಗಮ್ ಬಾಯಿಗೆ ಹಾಕಿಕೊಳ್ಳುವಳು. ಮೊದಲ ದಿನವೇ ಜಡೆಯನ್ನು ಆಂಟಿ ಎಂದು ಕರೆದು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಳು.

ಬೆಂಕಿಯ ದೃಶ್ಯದ ದಿನ ಊಟಕ್ಕೆ ಮುಂಚೆ ನಿರ್ದೇಶಕ ಜಡೆಯನ್ನು ಮರೆಗೆ ಕರೆದ.

“ಮಧ್ಯಾಹ್ನ ಅವಳ ವಿಗ್‌ಗೆ ಬೆಂಕಿ ಹತ್ತುತ್ತೆ. ಅದು ಅವಳಿಗೆ ಗೊತ್ತಿಲ್ಲ. ಫೈಟ್ ಮಾಸ್ಟರ್ ಒದ್ದೆ ಕಂಬಳಿ ಹಿಡಕೊಂಡು ಪಕ್ಕದಲ್ಲೇ ಇರ್ತಾನೆ, ಏನೂ ಆಗಲ್ಲ. ನೀನು ಬಾಗಿಲು ಬಿಟ್ಟು ಕದಲಬಾರದು. ನೋಡ್ತಾ ನಿಂತಿರು, ಸಾಕು.”

“ನನ್ನ ಸಲವೂ ಹಿಂಗೇನಾ ಸರ್? ಮೊದಲೇ ಗೊತ್ತಿತ್ತಾ?”

“ಹಳೇದು ಯಾಕೆ ಈಗ?” ಎಂದು ಅವನು ಹೊರಟುಹೋದ.

ಜಡೆ ತಟ್ಟೆ ಹಿಡಿದು ಕೂತಳು. ಊಟ ಸೇರಿತು, ಪೂರ್ತಿ ಉಂಡಳು. ಅದೇ ಅವಳಿಗೆ ವಿಚಿತ್ರವೆನಿಸಿತು. ಸುಮ್ಮನಿದ್ದರೆ ಯಾರೂ ತನ್ನ ಮೇಲೆ ತಪ್ಪು ಹೊರಿಸುವುದಿಲ್ಲ ಎಂದುಕೊಂಡಳು. ಅಂದು ತನ್ನ ಸುತ್ತ ನಿಂತಿದ್ದವರಲ್ಲೂ ಯಾರೋ ಹೀಗೇ ಹೊಟ್ಟೆ ತುಂಬ ಉಂಡು ಬಂದಿದ್ದರೇನೋ. ಕೈ ತೊಳೆದುಕೊಂಡು ನೆಟ್ಟಗೆ ಮೇಕಪ್ ಕೋಣೆಗೆ ನಡೆದಳು.

ಹುಡುಗಿ ಒಬ್ಬಳೇ ಇದ್ದಳು. ಜಡೆ ಬಾಗಿಲು ಮುಂದೆ ಮಾಡಿ, ಸುತ್ತುಬಳಸದೆ, “ನಿನ್ನ ವಿಗ್‌ಗೆ ಬೆಂಕಿ ಹಚ್ತಾರೆ. ಬೇಡ ಅನ್ನಿಸಿದ್ರೆ ಈಗ್ಲೇ ಹೇಳು, ನಾನು ಜೊತೆಗಿರ್ತೀನಿ” ಎಂದಳು.

ಹುಡುಗಿ ಕನ್ನಡಿಯಲ್ಲೇ ಅವಳನ್ನು ನೋಡಿದಳು. “ನಂಗೊತ್ತು ಆಂಟಿ. ವಿಗ್ ಒಳಗೆ ಒದ್ದೆ ಬಟ್ಟೆ ಇರತ್ತೆ. ಬೆಳಗ್ಗೆ ಮಾಸ್ಟರ್ ಹಚ್ಚಿ, ಆರಿಸಿ ತೋರಿಸಿದ್ರು.”

“ಮತ್ತೆ ನನಗೆ ಹಾಗೆ ಯಾಕೆ ಹೇಳಿದ್ರು?”

“ನಿಮಗೆ ಹೇಳ್ಬಾರ್ದು ಅಂದಿದ್ರು.” ಹುಡುಗಿಯ ದನಿ ಇಳಿಯಿತು. “ಎರಡನೇ ಕ್ಯಾಮೆರಾ ನಿಮ್ಮ ಮುಖಕ್ಕೆ ಇಟ್ಟಿದ್ದಾರೆ. ಗೊತ್ತಿದ್ದೂ ಬಾಯಿ ಬಿಡದೆ ನಿಂತೋಳ ಮುಖ ಬೇಕಂತೆ. ಜಡೆಗೆ ನಟನೆ ಬರಲ್ಲ, ಸುಟ್ಟರೇನೇ ಮುಖ ಅರಳೋದು ಅಂದ್ರು.”

ಜಡೆ ಸ್ಟೂಲಿನ ಮೇಲೆ ಕೂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಳೇ ಲೆಕ್ಕವೊಂದು ತಾಳೆಯಾದಂತೆ ಅನ್ನಿಸಿತು, ಅಷ್ಟೇ.

“ನಾನು ಹೇಳ್ದೆ ಅಂತ ಗೊತ್ತಾದ್ರೆ ನನ್ನ ಕಥೆ ಮುಗೀತು ಆಂಟಿ.”

“ಗೊತ್ತಾಗಲ್ಲ ಬಿಡು. ನಿನ್ನ ಕೆಲಸ ನೀನು ಮಾಡು, ನನ್ನದು ನಾನು ಮಾಡ್ತೀನಿ.”

ಮಧ್ಯಾಹ್ನ ಬತ್ತಿಗಳು ಉರಿದವು. ಹುಡುಗಿ ಮಂತ್ರ ಹೇಳಿದಳು. ಜಡೆ ಬಾಗಿಲು ತೆರೆದು ನಿಂತಳು. ವಿಗ್ಗಿನ ತುದಿ ಹೊತ್ತಿ ಹುಡುಗಿ ಚೀರಿದಾಗ ಜಡೆಯ ಕೈ ಬಾಗಿಲಿನ ಚೌಕಟ್ಟನ್ನು ಹಿಡಿಯಿತು. ತುಟಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಕಣ್ಣು ಹುಡುಗಿಯಿಂದ ಜಾರಿ ನೆಲಕ್ಕೆ ಇಳಿಯಿತು. ಕಂಬಳಿ ಬಿತ್ತು, ಬೆಂಕಿ ಆರಿತು.

ನಿರ್ದೇಶಕ ಮಾನಿಟರ್ ಬಿಟ್ಟು ಎದ್ದು ಬಂದ. “ನೋಡಿದ್ಯಾ? ಇಷ್ಟು ವರ್ಷ ಆದ್ರೂ ಆ ಭಯ ಹಾಗೇ ಇದೆ. ಇದನ್ನ ನಟಿಸೋಕಾಗಲ್ಲ.”

“ನಟಿಸಿದ್ದೇ ಸರ್” ಎಂದಳು ಜಡೆ.

“ಸುಮ್ನಿರಮ್ಮ.”

“ನಂಬಿಕೆ ಬರದಿದ್ರೆ ಕ್ಯಾಮೆರಾ ಹಾಕಿ.”

ಅವನು ನಕ್ಕು ಕೈಸನ್ನೆ ಮಾಡಿದ. ಬತ್ತಿಗಳು ಆರಿದ್ದವು, ಹುಡುಗಿ ಮೂಲೆಯಲ್ಲಿ ನೀರು ಕುಡಿಯುತ್ತಿದ್ದಳು. ಜಡೆ ಅದೇ ಬಾಗಿಲಿನಲ್ಲಿ ನಿಂತು ಖಾಲಿ ಜಾಗವನ್ನು ನೋಡಿದಳು. ಕೈ ಚೌಕಟ್ಟು ಹಿಡಿಯಿತು, ತುಟಿ ತೆರೆದು ಮುಚ್ಚಿತು, ಕಣ್ಣು ಜಾರಿತು. ಲೈಟ್ ಹಿಡಿದವನು ಹಿಂದೆ ತಿರುಗಿ ಏನಾಯಿತೆಂದು ನೋಡಿದ. ನಿರ್ದೇಶಕನ ನಗು ಮುಖದಲ್ಲಿ ಅರ್ಧಕ್ಕೇ ನಿಂತಿತು. ಟೀ ಬ್ರೇಕ್ ಎಂದು ಹೇಳಿ ಹೊರಗೆ ಹೋದವನು ಆ ದಿನ ಅವಳೊಂದಿಗೆ ಮತ್ತೆ ಮಾತಾಡಲಿಲ್ಲ.

ಸಂಜೆ ಬಸ್ಸಿನಲ್ಲಿ ಹುಡುಗಿ ಕೇಳಿದಳು, “ಏನು ನೆನೆಸ್ಕೊಂಡ್ರಿ ಆಂಟಿ?”

“ಎರಡನೇ ಸಲನಾ? ಏನಿಲ್ಲ. ಆ ಬಾಗಿಲಿಗೆ ಬಣ್ಣ ಸರಿಯಾಗಿ ಹೊಡೆದಿಲ್ಲ ಅಂತ ಯೋಚಿಸ್ತಿದ್ದೆ.”

ಹುಡುಗಿ ನಗುತ್ತಾ ನಗುತ್ತಾ ಚೂಯಿಂಗ್ ಗಮ್ ನುಂಗಿಬಿಟ್ಟಳು.

ಚಿತ್ರ ಎರಡು ವಾರ ಓಡಿತು. ಪ್ಲೈವುಡ್ಡಿನ ಗೋಡೆ ಅಲುಗಾಡಿದ್ದಕ್ಕೆ ಜನ ನಕ್ಕರು. ಒಂದು ಭಾನುವಾರ ಜಡೆ ಟಿಕೆಟ್ ತೆಗೆದುಕೊಂಡು ಒಬ್ಬಳೇ ಹೋಗಿ ಕೂತಳು. ಬಾಗಿಲಿನ ಶಾಟ್ ಬಂದಾಗ ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿರುವವಳು ಯಾರೆಂದು ಆಕೆಗೆ ಗೊತ್ತಿರಲಿಲ್ಲ.

“ಮುಗೀತಾ?” ಎಂದು ಪಿಸುಗುಟ್ಟಿದಳು.

“ಇನ್ನೊಂದು ಸ್ವಲ್ಪ ಇರಿ” ಎಂದು ಜಡೆ ತೆರೆಯನ್ನು ನೋಡುತ್ತಲೇ ಹೇಳಿದಳು.