ಕುಡುಗೋಲಿನ ಬೆನ್ನು

ಬಸ್ಸಿನ ಕನ್ನಡಿಗೆ ನೇತುಹಾಕಿದ್ದ ಲ್ಯಾವೆಂಡರ್ ಪೊಟ್ಟಣವನ್ನು ಕಿತ್ತು ಕಿಟಕಿಯಾಚೆ ಎಸೆದುಬಿಡಬೇಕೆನಿಸಿತು ಲುಕ್ಷನಿಗೆ. ಎಸೆಯಲಿಲ್ಲ. ಕರ್ಚೀಫು ಮೂಗಿಗೊತ್ತಿಕೊಂಡ. ಅದಕ್ಕೂ ಅದೇ ವಾಸನೆ. ಹೆಂಡತಿ ಬಟ್ಟೆಗಳ ನಡುವೆ ಅದನ್ನೇ ಇಡುತ್ತಾಳೆ.

ಕೆಳಗೆ ಸಮುದ್ರ, ಮೇಲೆ ಹ್ವಾರ್ ದ್ವೀಪದ ಕಲ್ಲು ಬೆಟ್ಟ, ನಡುವೆ ತಿರುವು. ಪ್ರತಿ ತಿರುವಿಗೂ ಹಿಂದಿನ ಸೀಟುಗಳಿಂದ "ಆಹಾ". ರಾಜಧಾನಿ ಜಾಗ್ರೆಬ್ಬಿನಿಂದ ಬಂದ ಮೂವತ್ತು ಜನ ಪ್ರವಾಸಿಗರು. ಸ್ಪ್ಲಿಟ್ಟಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಲುಕ್ಷ ಇವರಿಗೆ ಹೂವಿನ ಲ್ಯಾಟಿನ್ ಹೆಸರು ಹೇಳಲು ಬಂದಿದ್ದ.

"ಯಾಕೆ ಭಾವ, ಹುಳಿ ವೈನ್ ಕುಡಿದೋರ ಹಾಗೆ ಮುಖ?" ಎಂದ ದಿಂಕೊ. ಹೆಂಡತಿಯ ತಮ್ಮ, ಈ ಪ್ರವಾಸ ನಡೆಸುವವನೂ ಅವನೇ.

"ತಿರುವು ಜಾಸ್ತಿ."

"ಇಲ್ಲೇ ಹುಟ್ಟಿದೋರು ನೀವು!"

ಭಾನುವಾರ ಊರಿನಿಂದ ಪೆರೀನ ದೊಡ್ಡಮ್ಮ ಲುಕ್ಷನಿಗೆ ಫೋನ್ ಮಾಡಿದ್ದಳು. "ಊರಿನ ಎಣ್ಣೆ ಭಟ್ಟಿ ಶನಿವಾರ ಸಂಜೆ ಆರಿಸ್ತಾರಂತೆ ಮಗಾ. ನನ್ನ ಹೊಲ ಇನ್ನೂ ಕೊಯ್ದಿಲ್ಲ. ಬರ್ತೀಯಲ್ಲ?" ಬರ್ತೀನಿ ಎಂದಿದ್ದ. ದಿಂಕೊನಿಗೂ ಬರ್ತೀನಿ ಎಂದಿದ್ದ. ಒಂದೇ ಬಸ್ಸಿನಲ್ಲಿ ಎರಡು ಮಾತೂ ಉಳಿಯುತ್ತವೆ ಅಂದುಕೊಂಡಿದ್ದ, ಪುಣ್ಯಾತ್ಮ.

ಇವತ್ತೇ ಆ ಶನಿವಾರ. ಜುಲೈ ಮುಗಿಯುತ್ತಿತ್ತು. ರಸ್ತೆಯ ಎರಡೂ ಕಡೆ ಲ್ಯಾವೆಂಡರ್ ಹೊಲಗಳು ತಲೆ ಬೋಳಿಸಿಕೊಂಡು ನಿಂತಿದ್ದವು. ದೊಡ್ಡಮ್ಮನ ಹೊಲ ಮಾತ್ರ ದೂರದಿಂದ ನೇರಳೆ. ಹತ್ತಿರ ಹೋದರೆ ಹೂವೆಲ್ಲ ಬೂದು ತಿರುಗಿತ್ತು.

ಅವಳು ಕಲ್ಲುರಾಶಿಯ ಮೇಲೆ ಕೂತಿದ್ದಳು, ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ. ಪಕ್ಕದಲ್ಲಿ ಎರಡು ಕುಡುಗೋಲು. ಹೂ ಕಟ್ಟಿ ಒಯ್ಯಲು ಗೋಣಿತಟ್ಟನ್ನು ಹಾಸಿ, ಮೂಲೆಗೊಂದು ಕಲ್ಲು ಇಟ್ಟಿದ್ದಳು.

"ಬಂದೆಯಾ! ಇಷ್ಟು ಜನಾನ ಕರ್ಕೊಂಡು ಬಂದಿದೀಯ? ಬಿಡು, ಮಧ್ಯಾಹ್ನದೊಳಗೆ ಕೊಯ್ದು ಮುಗಿಸ್ತೀವಿ."

ತಮಾಷೆಯೋ ಏನೋ, ಲುಕ್ಷನಿಗೆ ತಿಳಿಯಲಿಲ್ಲ.

"ಕೊಯ್ಯೋ ಹಾಗಿಲ್ಲ ಅಜ್ಜಿ," ಎಂದ ದಿಂಕೊ ನಗುತ್ತ. "ಆಗಸ್ಟ್ ಮುಗಿಯೋವರೆಗೂ ನೋಡೋಕೆ ಜನ ಬರ್ತಾರೆ. ಕಾಗದಕ್ಕೆ ಸಹಿ ಹಾಕಿದೀರಲ್ಲ."

ಅವಳು ದಿಂಕೊನನ್ನು ನೋಡಲಿಲ್ಲ. ಲುಕ್ಷನನ್ನು ನೋಡಿದಳು. "ಫೋಟೊ ತೆಗೀತಾರೆ ಅಷ್ಟೇ ಅಂದೆಯಲ್ಲೋ ನೀನು?"

ಈಸ್ಟರ್ ಊಟದ ಮೇಜಿನಲ್ಲಿ ದಿಂಕೊನ ಕಾಗದವನ್ನು ಅವಳಿಗೆ ಓದಿ ಹೇಳಿದವನು ಅವನೇ. ಕೊಯ್ಯಬಾರದೆನ್ನುವ ನಾಲ್ಕನೇ ಸಾಲು ಕಣ್ಣಿಗೆ ಬಿದ್ದಿತ್ತು. ಕುರಿಮಾಂಸ ಆರುತ್ತಿತ್ತು, ವಾದ ಬೇಡವಾಗಿತ್ತು. ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಮುಂದಿನದನ್ನು ಜೋರಾಗಿ ಓದಿದ್ದ.

"ನೋಡ್ತೀನಿ ದೊಡ್ಡಮ್ಮ."

"ಏನು ನೋಡ್ತೀಯ? ಹೂ ನೋಡು. ಎಣ್ಣೆ ಹಾರಿಹೋಗ್ತಿದೆ. ಹದಿನಾಲ್ಕನೇ ವಯಸ್ಸಿಂದ ಒಂದು ವರ್ಷ ಭಟ್ಟಿ ತಪ್ಪಿಸಿಲ್ಲ ನಾನು. ಯುದ್ಧದ ವರ್ಷವೂ ತಪ್ಪಿಸಿಲ್ಲ."

ಅಷ್ಟರಲ್ಲಿ ದಿಂಕೊ ಬಸ್ಸಿನಿಂದ ಪಿಚಕಾರಿ ಬಾಟಲಿ ತಂದು, ಸಾಲುಗಳ ನಡುವೆ ಓಡಾಡುತ್ತ ಹೂವಿನ ಮೇಲೆ ಸಿಂಪಡಿಸತೊಡಗಿದ. ಅಂಗಡಿಯ ಲ್ಯಾವೆಂಡರ್ ಎಣ್ಣೆ. ಅಲ್ಲೊಂದು ಇಲ್ಲೊಂದು ಇದ್ದ ಜೇನುಹುಳುಗಳೂ ಎದ್ದುಹೋದವು.

"ವಾಸನೆ ಬರದಿದ್ರೆ ಜನಕ್ಕೆ ಬೇಜಾರು, ಭಾವ."

"ಹೂವಿಗೆ ಅತ್ತರು ಬಳೀತದೆ, ಮುಂಡೇದು," ಎಂದು ದೊಡ್ಡಮ್ಮ ಉಗಿದಳು.

ಜನ ಇಳಿದರು. ಕೈಯಲ್ಲಿ ನೇರಳೆ ಐಸ್‌ಕ್ರೀಮು, ಗಲ್ಲದ ಮೇಲೂ ನೇರಳೆ. ಪೊದೆಗಳಿಗೆ ಮೂಗು ತೂರಿಸಿ ಕಣ್ಣು ಮುಚ್ಚಿದರು. ಆಹಾ. ಲುಕ್ಷನಿಗೆ ಇವರ ಬಾಯಿ ಅಸಹ್ಯ, ದಿಂಕೊನ ಬಾಟಲಿ ಅಸಹ್ಯ, ಲ್ಯಾಟಿನ್ ಹೆಸರನ್ನು ಸ್ಪಷ್ಟವಾಗಿ ಎರಡು ಸಲ ಹೇಳಿದ ತನ್ನ ನಾಲಗೆಯಂತೂ ಎಲ್ಲಕ್ಕಿಂತ ಅಸಹ್ಯ.

"ಅಜ್ಜಿ ಕೊಯ್ಯೋದು ನೋಡಬಹುದಾ?" ಎಂದು ಒಬ್ಬಾಕೆ ಕೇಳಿದಳು.

ದಿಂಕೊ ಚಪ್ಪಾಳೆ ತಟ್ಟಿದ. "ಅದಕ್ಕೇನಂತೆ! ಭಾವ, ನೀವೇ ಹೇಳಿ ಅವರಿಗೆ. ಸುಮ್ನೆ ಕೊಯ್ದ ಹಾಗೆ. ಒಂದು ಕಡ್ಡಿ ಬೀಳಬಾರದು."

ಲುಕ್ಷ ಹೋದ. ದೊಡ್ಡಮ್ಮನ ಮುಷ್ಟಿಯಲ್ಲಿದ್ದ ಕುಡುಗೋಲನ್ನು ತಾನೇ ತಿರುಗಿಸಿದ. ಹರಿತ ಬಾಯಿ ಆಚೆ, ಮೊಂಡು ಬೆನ್ನು ಈಚೆ.

"ಹೀಗೆ ಹಿಡ್ಕೊ. ಐದು ನಿಮಿಷ. ಆಮೇಲೆ ಅವನ ಹತ್ರ ನಾನು ಮಾತಾಡ್ತೀನಿ."

"ಯಾವಾಗ?"

"ಆಮೇಲೆ."

ಅವಳು ಅವನನ್ನೇ ನೋಡಿದಳು. ಅನಂತರ ಬಗ್ಗಿ, ಎಡಗೈಯಲ್ಲಿ ಹೂವಿನ ಹಿಡಿ ಕಟ್ಟಿ, ಕುಡುಗೋಲಿನ ಬೆನ್ನು ಎಳೆದಳು. ಹೂ ಬಾಗಿತು, ಜಾರಿತು, ಮತ್ತೆ ಎದ್ದು ನಿಂತಿತು.

"ಇನ್ನೊಂದ್ಸಲ ಅಜ್ಜಿ! ಈ ಕಡೆ ನೋಡಿ!"

ಕೆಳಗೆ ಊರಿನ ಭಟ್ಟಿಯ ಹೊಗೆ ಕಾಣುತ್ತಿತ್ತು. ಬೆಳಿಗ್ಗೆಗಿಂತ ತೆಳ್ಳಗಾಗಿತ್ತು.

ಬಸ್ಸು ಹಾರನ್ ಹೊಡೆಯಿತು. ಜನ ಹತ್ತಿದರು. "ಭಾವ, ಇನ್ನು ಸಮುದ್ರಸ್ನಾನ, ಬನ್ನಿ!" ದಿಂಕೊ ಕೂಗಿದ.

ದೊಡ್ಡಮ್ಮ ನೆಟ್ಟಗಾಗಲಿಲ್ಲ. ಒಂದು ಪೊದೆ ಮುಗಿಸಿ ಇನ್ನೊಂದಕ್ಕೆ ಹೋದಳು. ಹಿಡಿ ಕಟ್ಟಿದಳು, ಬೆನ್ನು ಎಳೆದಳು, ಬಿಟ್ಟಳು.

"ಸಾಕು ದೊಡ್ಡಮ್ಮ. ಅವರೆಲ್ಲ ಬಸ್ಸು ಹತ್ತಿದರು."

"ನಿನ್ನ ಕುಡುಗೋಲು ಅಲ್ಲಿದೆ. ರಾತ್ರಿಯೇ ಮಸೆದಿಟ್ಟಿದ್ದೆ."

ಅವನು ಎತ್ತಿಕೊಂಡ. ಬಾಯಿ ಫಳಫಳ ಹೊಳೆಯಿತು. ಯಾರೂ ನೋಡುತ್ತಿರಲಿಲ್ಲ, ಒಂದು ಎಳೆತ ಸಾಕಿತ್ತು. ಹಾರನ್ ಮತ್ತೆ ಕೂಗಿತು. ಅವಳ ಪಕ್ಕದ ಸಾಲಿನಲ್ಲಿ ಬಗ್ಗಿ ಹೂವಿನ ಹಿಡಿ ಕಟ್ಟಿದ, ಜೋರಾಗಿ ಎಳೆದ.

ಹೂ ಬಾಗಿತು, ಎದ್ದು ನಿಂತಿತು. ಅವನು ಕೈ ನೋಡಿಕೊಂಡ. ಕುಡುಗೋಲನ್ನು ತಿರುಗಿಸಿ, ಬೆನ್ನು ಈಚೆ ಮಾಡಿ ಹಿಡಿದಿದ್ದ.

ಖಾಲಿ ಗೋಣಿತಟ್ಟಿನ ಒಂದು ಮೂಲೆ ಗಾಳಿಗೆ ಕಲ್ಲಿನಡಿಯಿಂದ ಕಿತ್ತುಬಂದು ಪಟಪಟ ಬಡಿದುಕೊಳ್ಳುತ್ತಿತ್ತು. ಅವನು ಮತ್ತೆ ಹಿಡಿ ಕಟ್ಟಿದ, ಹಾಗೆಯೇ ಎಳೆದ.