ಗುಬ್ಬೀ, ಚಿಲಕ ತೆಗಿ

ತಮ್ಮನ ಸಿನಿಮಾದ ದೆವ್ವಕ್ಕೆ ಹಲ್ಲು ಮಾಡಿಕೊಟ್ಟವಳು ಅಕ್ಕನೇ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಹದಿನಾರು ವರ್ಷ ದುಡಿದು ಅವಳ ಕೈ ಪಳಗಿತ್ತು. ‘ನೋಡಿದ ತಕ್ಷಣ ಮಾಮೂಲಿ ಅಜ್ಜಿ ಹಲ್ಲು ಅನ್ನಿಸ್ಬೇಕು ಅಕ್ಕಾ. ಎಣಿಸಿದ್ರೆ ಮಾತ್ರ ಎರಡು ಜಾಸ್ತಿ ಇರ್ಬೇಕು’ ಎಂದು ತಮ್ಮ ಹೇಳಿದ್ದ. ಎರಡು ವಾರ ಊಟದ ಬಿಡುವಿನಲ್ಲೆಲ್ಲ ಕೂತು, ಮೇಣ ಕೆತ್ತಿ, ಹಳದಿ ಕಲೆ ಸರಿಯಾಗಿ ಕೂರುವವರೆಗೂ ತಿಕ್ಕಿ ಮಾಡಿಕೊಟ್ಟಿದ್ದಳು. ಬಿಡುಗಡೆಗೆ ಮುಂಚೆ ಪತ್ರಕರ್ತರಿಗೂ ಮನೆಯವರಿಗೂ ಇಟ್ಟಿದ್ದ ಬೆಳಗಿನ ಹನ್ನೊಂದರ ಪ್ರದರ್ಶನಕ್ಕೆ ರಜೆ ಹಾಕಿ, ಅಮ್ಮನನ್ನೂ ಕರೆದುಕೊಂಡು ಹೋದಳು. ತನ್ನ ಹಲ್ಲು ದೊಡ್ಡ ಪರದೆಯ ಮೇಲೆ ಹೇಗೆ ಕಾಣುತ್ತದೋ ಎಂಬುದೊಂದೇ ಅವಳ ಕುತೂಹಲ.

ಸಿನಿಮಾ ಶುರುವಾಗಿ ಹತ್ತು ನಿಮಿಷವಾಗಿತ್ತು. ಪರದೆಯ ಮೇಲೆ ಒಬ್ಬ ಹುಡುಗಿ ಶಾಲೆಯಿಂದ ಬಂದು, ಖಾಲಿ ಮನೆಯ ಬೀಗ ತೆಗೆದು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೈಗೆಲ್ಲ ಸೋಪು ಹಚ್ಚಿದ ಹೊತ್ತಿಗೆ ನೀರು ಹೋಗುವ ತೂತಿನೊಳಗಿಂದ ಮೂರು ಸಲ ಟಕ್ ಟಕ್ ಟಕ್ ಎಂದಿತು. ಆಮೇಲೆ ಒಂದು ಮುದಿ ದನಿ: ‘ಗುಬ್ಬೀ, ಚಿಲಕ ತೆಗಿ.’

ಅಕ್ಕನನ್ನು ಗುಬ್ಬಿ ಎಂದು ಕರೆಯುತ್ತಿದ್ದವಳು ಅಜ್ಜಿ ಒಬ್ಬಳೇ. ಅಜ್ಜಿ ತೀರಿಕೊಂಡು ತಿಂಗಳಾಗಿದ್ದಾಗ, ಅಕ್ಕನಿಗೆ ಹದಿಮೂರು ತುಂಬಿದ್ದಾಗ, ಆ ದನಿ ಶುರುವಾಗಿತ್ತು. ಸಂಜೆ ನಾಲ್ಕರ ಸುಮಾರಿಗೆ, ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿರುತ್ತಿದ್ದ ಹೊತ್ತಿನಲ್ಲಿ. ಸೋಪಿನ ಮೈಯಲ್ಲೇ ಟವೆಲ್ ಸುತ್ತಿಕೊಂಡು ಅವಳು ಬೀದಿಗೆ ಓಡಿಬಂದದ್ದನ್ನು ಓಣಿಯವರೆಲ್ಲ ನೋಡಿದ್ದರು. ದನಿಯ ಜೊತೆ ಸೀಮೆಎಣ್ಣೆ ವಾಸನೆಯೂ ಬರುತ್ತದೆ ಎಂದು ಎಷ್ಟು ಅತ್ತು ಹೇಳಿದರೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ತೋರಿಸಿದ ಮನೋರೋಗದ ಡಾಕ್ಟರು ಮಾತ್ರ ಆ ವಾಸನೆಯ ವಿಷಯವನ್ನು ಗಮನವಿಟ್ಟು ಕೇಳಿ, ಬರೆದುಕೊಂಡು, ಅದಕ್ಕೂ ಸೇರಿಸಿ ಮಾತ್ರೆ ಕೊಟ್ಟರು.

ಹನ್ನೊಂದು ವರ್ಷ ಅವನ್ನು ನುಂಗಿದಳು. ಕ್ಲಾಸಿನಲ್ಲಿ ತೂಕಡಿಸಿ ತೂಕಡಿಸಿ ಹತ್ತನೆಯದರಲ್ಲಿ ಎರಡು ಸಲ ಫೇಲಾದಳು. ಮಾತ್ರೆಗೆ ಬಾಯಿ ಒಣಗಿ ಹಲ್ಲೆಲ್ಲ ಹುಳುಕು ಹಿಡಿದವು. ಈಗ ಬಾಯಲ್ಲಿರುವ ದವಡೆ ಹಲ್ಲುಗಳು ಅವಳೇ ಮಾಡಿಕೊಂಡವು. ಗೊತ್ತಾಗಿದ್ದ ಒಂದು ಸಂಬಂಧ ‘ಹುಡುಗಿಗೆ ತಲೆ ಸರಿಯಿಲ್ಲವಂತೆ’ ಎಂಬ ಮಾತಿಗೆ ಮುರಿದುಬಿತ್ತು. ನಲವತ್ತೆರಡರ ಈ ವಯಸ್ಸಿನಲ್ಲೂ ಅವಳು ಬಚ್ಚಲ ಬಾಗಿಲನ್ನು ಪೂರ್ತಿ ಹಾಕಿಕೊಂಡು ಸ್ನಾನ ಮಾಡುವವಳಲ್ಲ.

ತನ್ನ ಪಾಡನ್ನು ತಮ್ಮ ನೆನಪಿಟ್ಟುಕೊಂಡಿದ್ದಾನೆ ಎಂದು ಮೊದಲು ಅನ್ನಿಸಿತು. ಕೇಳದೆ ಸಿನಿಮಾ ಮಾಡಿದನಲ್ಲ ಎಂದು ಸಿಟ್ಟು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಅಂತೂ ಒಬ್ಬನಾದರೂ ನಂಬಿದ್ದನಲ್ಲ! ಅಷ್ಟರಲ್ಲಿ ಪರದೆಯ ಅಜ್ಜಿ ಬಾಯಿ ತೆರೆದಳು, ಥಿಯೇಟರಿಗೆ ಥಿಯೇಟರೇ ಕಿರುಚಿತು. ಆ ಹಲ್ಲುಗಳನ್ನು ನೋಡುವುದನ್ನೇ ಅವಳು ಮರೆತಿದ್ದಳು.

ಕೊನೆಯ ಕಾಲು ಗಂಟೆಯಲ್ಲಿ ಕ್ಯಾಮೆರಾ ಬಚ್ಚಲ ಗೋಡೆಯ ಆಚೆಗೆ ಹೋಯಿತು. ಹಿತ್ತಲಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಸ್ಟೋವಿಗೆ ಸೀಮೆಎಣ್ಣೆ ಹೊಯ್ಯುವ ಆಲಿಕೆಯನ್ನು ಬಚ್ಚಲ ನೀರು ಹೊರಬರುವ ಕೊಳವೆಯ ಬಾಯಿಗೆ ಸಿಕ್ಕಿಸಿ, ಅದಕ್ಕೆ ತುಟಿ ಹಚ್ಚಿ ಮುದುಕಿಯ ದನಿ ತೆಗೆಯುತ್ತಿದ್ದ. ನಡುನಡುವೆ ನಗು ತಡೆಯಲಾರದೆ ಅಂಗಿಯ ಕಾಲರನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ತಮ್ಮ ಕಚ್ಚದೆ ಬಿಟ್ಟ ಕಾಲರು ಒಂದೂ ಇರಲಿಲ್ಲ.

ದೀಪ ಹತ್ತಿದವು. ತಮ್ಮ ವೇದಿಕೆ ಏರಿದ. ಮುಂದಿನ ಸಾಲಿನ ಪತ್ರಕರ್ತೆಯೊಬ್ಬಳು ಎದ್ದು ನಿಂತು, ‘ಇನ್ನು ಒಂದು ವಾರ ನಾನು ಸ್ನಾನ ಮಾಡಲ್ಲ ಸರ್! ಇಷ್ಟು ಭಯ ಹುಟ್ಟಿಸೋದು ಏನಿದೆ ಇದ್ರಲ್ಲಿ?’ ಎಂದು ಕೇಳಿದಳು. ಎಲ್ಲರೂ ನಕ್ಕರು.

‘ದೆವ್ವ ಅಲ್ಲ ಮೇಡಂ. ದನೀನೂ ಅಲ್ಲ’ ಎಂದ ತಮ್ಮ. ‘ಆ ಹುಡುಗಿ ನಿಜ ಹೇಳ್ತಿದ್ದಾಳೆ, ಮನೇಲಿ ಒಬ್ರೂ ನಂಬಲ್ಲ. ಅಷ್ಟೇ. ಮಿಕ್ಕಿದ್ದೆಲ್ಲ ಬರೀ ಬಣ್ಣ, ಹಲ್ಲು.’

ಚಪ್ಪಾಳೆ ಬಿತ್ತು. ಕಥೆ ಎಲ್ಲಿಂದ ಹೊಳೆಯಿತು ಎಂದು ಇನ್ನೊಬ್ಬರು ಕೇಳಿದ್ದಕ್ಕೆ, ‘ಸುಮ್ನೆ ತಲೇಲಿ ಹುಟ್ಟಿದ್ದು’ ಎಂದ.

ಹೊರಗಿನ ಪಡಸಾಲೆಯಲ್ಲಿ ಅಕ್ಕ ಅವನ ತೋಳು ಹಿಡಿದಳು. ‘ನೀನೇನಾ?’

‘ಹತ್ತು ವರ್ಷದ ಹುಡುಗ ಕಣಕ್ಕಾ ನಾನು. ತಮಾಷೆಗೆ ಮಾಡಿದ್ದು. ಆಮೇಲೆ ಡಾಕ್ಟ್ರು, ಮಾತ್ರೆ ಅಂತ ಶುರುವಾಯ್ತಲ್ಲ, ಬಾಯಿ ಬಿಡೋಕೆ ಹೆದರಿಕೆ ಆಯ್ತು.’

‘ಮಾತ್ರೆ ಶುರುವಾದ್ಮೇಲೂ ದನಿ ಬರ್ತಿತ್ತು.’

‘ಎಲ್ಲೋ ಕೆಲವು ಸಲ’ ಎಂದು ತಮ್ಮ ಅತ್ತಿತ್ತ ನೋಡಿದ. ಆಮೇಲೆ ಅವಳ ಹತ್ತಿರಕ್ಕೆ ಬಗ್ಗಿ, ನಿಜಕ್ಕೂ ತಿಳಿಯಬೇಕೆಂಬ ಆಸೆಯಿಂದ ಕೇಳಿದ: ‘ಅಕ್ಕಾ, ಒಂದು ಮಾತು ಹೇಳು. ಟಕ್ ಟಕ್ ಅಂದಾಗ ಜಾಸ್ತಿ ಹೆದರಿಕೆ ಆಗ್ತಿತ್ತಾ, ಹೆಸರು ಕರೆದಾಗ್ಲಾ? ಎಡಿಟಿಂಗ್‌ನಲ್ಲಿ ಅದೊಂದೇ ಅನುಮಾನ ಉಳ್ಕೊಂಡುಬಿಡ್ತು ನೋಡು.’

ಅವಳು ತೋಳು ಬಿಟ್ಟಳು.

ಮನೆಗೆ ಬರುವವರೆಗೂ ಅಮ್ಮ ಅಳಲಿಲ್ಲ, ಬೆರಗಾಗಲಿಲ್ಲ, ಮಗನನ್ನು ಬೈಯಲೂ ಇಲ್ಲ. ಅಕ್ಕನಿಗೆ ಅನುಮಾನ ಬಂದದ್ದು ಅದರಿಂದಲೇ. ಚಪ್ಪಲಿ ಬಿಡುತ್ತಿದ್ದ ಅಮ್ಮನ ಎದುರು ನಿಂತು ಕೇಳಿದಳು: ‘ನಿನಗೆ ಯಾವಾಗ ಗೊತ್ತಾಯ್ತಮ್ಮಾ?’

ಅಮ್ಮ ಬಗ್ಗಿ ಚಪ್ಪಲಿಯನ್ನು ಜೋಡಿಸಿಟ್ಟಳು. ‘ಸ್ಟೋವಿಗೆ ಎಣ್ಣೆ ಹಾಕೋಣ ಅಂದ್ರೆ ಆಲಿಕೆ ಇರ್ಲಿಲ್ಲ. ಹುಡುಕ್ಕೊಂಡು ಹಿತ್ತಲಿಗೆ ಹೋದೆ. ಕೊಳವೇಲಿ ಸಿಕ್ಕಿಕೊಂಡಿತ್ತು.’

‘ಡಾಕ್ಟ್ರ ಹತ್ರ ಹೋಗೋಕೆ ಮುಂಚೇನಾ, ಆಮೇಲಾ?’

‘ಮುಂಚೆ.’

‘ಮತ್ತೆ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?’

‘ನಿಮ್ಮಪ್ಪನ ಕೈ ನಿಂಗೆ ಗೊತ್ತಲ್ವೇನೆ?’ ಎಂದು ಅಮ್ಮ ಗಡಿಬಿಡಿಯಿಂದ ಹೇಳತೊಡಗಿದಳು. ‘ಬೆಲ್ಟ್ ತೆಗೆದ್ರೆ ಕಣ್ಣು ಮೂಗು ಅಂತ ನೋಡ್ತಿರ್ಲಿಲ್ಲ. ವಿಷ್ಯ ಗೊತ್ತಾಗಿದ್ರೆ ಆ ಮಗು ಉಳೀತಿರ್ಲಿಲ್ಲ. ನೀನಾದ್ರೆ ಮಾತ್ರೆ ತಗೊಂಡು ನಿದ್ದೆ ಮಾಡ್ತೀಯ, ಅಷ್ಟೇ ತಾನೆ ಅಂದ್ಕೊಂಡೆ.’

‘ಅಪ್ಪ ಸತ್ತ ಮೇಲೂ ಮೂರು ವರ್ಷ ಕೊಟ್ಟೆಯಲ್ಲಮ್ಮಾ. ನಿನ್ನ ಕೈಯಾರೆ.’

‘ಅಷ್ಟು ಹೊತ್ತಿಗೆ ಹೇಳಿದ್ರೆ ನೀನು ನನ್ನನ್ನ ಅಮ್ಮ ಅಂತಿದ್ಯೇನೆ?’

ಅಕ್ಕ ಫೋನು ಮಾಡಿ ತಮ್ಮನನ್ನು ಕರೆಸಿದಳು. ಅಮ್ಮನನ್ನು ಎದುರಿಗೆ ಕೂರಿಸಿ, ಹೇಳಿದ್ದನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಸಿದಳು. ಅಮ್ಮ ಬಿಕ್ಕುತ್ತಾ ಹೇಳಿದಳು. ತಮ್ಮನ ಮುಖ ಬಿಳಿಚಿಕೊಂಡಿತು. ಅವನು ನೆಲ ನೋಡುತ್ತಾ ಕೂತ. ಈಗಲಾದರೂ ಇವನಿಗೆ ಚುರುಕ್ಕೆನ್ನುತ್ತದೆ ಎಂದು ಅಕ್ಕ ಕಾದಳು.

ತಮ್ಮ ತಲೆಯೆತ್ತಿದಾಗ ಅವನ ಕಣ್ಣು ಹೊಳೆಯುತ್ತಿದ್ದವು. ‘ಅಯ್ಯೋ ಅಮ್ಮಾ, ಇದನ್ನ ಒಂದು ವರ್ಷ ಮುಂಚೆ ಹೇಳಬಾರದಿತ್ತಾ? ತಾಯಿಗೆ ಎಲ್ಲಾ ಗೊತ್ತಿತ್ತು ಅಂತ ಕೊನೇಲಿ ಇಟ್ಟಿದ್ರೆ ಜನ ಕುರ್ಚಿಯಿಂದ ಏಳ್ತಿರ್ಲಿಲ್ವಲ್ಲ!’

ಆ ತಿಂಗಳ ಕೊನೆಯಲ್ಲಿ ಅಕ್ಕ ತಾನೂ ಅಮ್ಮನೂ ಇದ್ದ ಬಾಡಿಗೆ ಮನೆ ಬಿಟ್ಟುಕೊಟ್ಟು, ಲ್ಯಾಬಿನ ಹಿಂದಿನ ಬೀದಿಯಲ್ಲಿ ಒಂಟಿ ಕೋಣೆ ಹಿಡಿದಳು. ಅಮ್ಮನ ಬಟ್ಟೆಬರೆ ತಮ್ಮನ ಮನೆಗೆ ಹೋದವು. ‘ಒಂದು ಮಾತು ಕೇಳ್ದೆ ನನ್ನ ಸಾಗಹಾಕ್ತೀಯಲ್ಲೇ’ ಎಂದು ಅಮ್ಮ ಗೋಗರೆದಾಗ ಅಕ್ಕ ಪೆಟ್ಟಿಗೆಯ ಜಿಪ್ಪು ಎಳೆಯುತ್ತಿದ್ದಳು, ಎಳೆದು ಮುಗಿಸಿದಳು.

ಸಿನಿಮಾ ಒಂಬತ್ತು ವಾರ ಓಡಿತು. ಹತ್ತನೆಯ ವಾರ, ಅಕ್ಕ ಊಟಕ್ಕೆ ಕೂತಿದ್ದಾಗ ಅಮ್ಮನ ಫೋನು ಬಂತು. ಅಮ್ಮ ಪಿಸುಮಾತಿನಲ್ಲಿ ಅಳುತ್ತಿದ್ದಳು.

‘ಎರಡನೇ ಭಾಗ ಬರೀತಿದ್ದಾನಂತೆ ಕಣೆ. ದಿನಾ ಬೆಳಿಗ್ಗೆ ನನ್ನ ಎದುರಿಗೆ ಕೂರಿಸ್ಕೊಳ್ತಾನೆ. ಮಾತ್ರೆ ಕೊಡೋವಾಗ ಅವಳ ಮುಖ ಹೇಗಿತ್ತು, ನಿನ್ನ ಕೈ ನಡುಗ್ತಿತ್ತಾ, ಮನಸಲ್ಲಿ ಏನಿತ್ತು ಅಂತ ಕೇಳಿದ್ದನ್ನೇ ಕೇಳ್ತಾನೆ. ಮರೆತೋಯ್ತು ಅಂದ್ರೂ ಬಿಡಲ್ಲ, ಮತ್ತೆ ಮೊದಲಿಂದ ಹೇಳು ಅಂತಾನೆ. ನನ್ನ ಕೈಲಿ ಆಗ್ತಿಲ್ಲ ಕಣೆ. ನೀನಾದ್ರೂ ಒಂದು ಮಾತು ಹೇಳೆ ಅವನಿಗೆ.’

ಅಕ್ಕ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

‘ಹೇಳಮ್ಮಾ, ಒಂದೂ ಬಿಡದೆ ಹೇಳು’ ಎಂದಳು. ‘ಮುಖ ಹೇಗಿತ್ತು ಅಂತ ಅವನಿಗೆ ಸರಿಯಾಗಿ ಗೊತ್ತಾಗ್ಲಿ.’

ಫೋನು ಕೆಳಗಿಟ್ಟು ಉಳಿದದ್ದನ್ನು ಉಂಡಳು.