ವೆರೋನಾಳ ಎಡಗೈ

ಬಹಳ ಹಿಂದೆ, ಹಗಲೆಲ್ಲ ಕಲ್ಲಿದ್ದಲು ಅಗೆದು ಸಂಜೆಯೆಲ್ಲ ಕೆಮ್ಮುತ್ತಿದ್ದ ಒಂದು ಊರಿನಲ್ಲಿ, ಒಬ್ಬ ತಂಗಿ ತನ್ನ ಎಡಗೈಯನ್ನು ಕಳಚಿ ಅಣ್ಣನಿಗೆ ಕೊಟ್ಟಳಂತೆ. ಆಟ ಮುಗಿದ ಮೇಲೆ ವಾಪಸ್ ತಂದುಕೊಡು ಅಂದಳಂತೆ. ಪಿರೋಹಿ ಕಡುಬಿನ ಅಂಚು ಚಿವುಟುತ್ತಾ ನನ್ನ ಅಜ್ಜಿ ಈ ಕಥೆಯನ್ನು ಹೀಗೇ ಶುರುಮಾಡುತ್ತಿದ್ದಳು. ನಾನು ಅವಳ ಮಣಿಕಟ್ಟಿನ ಸುತ್ತ ಹೊಲಿಗೆಯ ಗುರುತು ಹುಡುಕುತ್ತಾ ಕೂತಿರುತ್ತಿದ್ದೆ.

ಆ ತಂಗಿ ಅಜ್ಜಿಯೇ, ವೆರೋನಾ. ಅಣ್ಣ ಮತೂಶ್ ಹ್ರಿಂಕೊ. ಊರು ಪೆನ್ಸಿಲ್ವೇನಿಯದ ಗುಡ್ಡಗಳ ಸಂದಿನದು. ಎಡಗೈ ಎಂದರೆ ಬೇಸ್‌ಬಾಲ್ ಗ್ಲೌಸು. ಗಣಿ ಕುಸಿದು ತೀರಿಕೊಳ್ಳುವ ಮುಂಚಿನ ಈಸ್ಟರಿಗೆ ಅಪ್ಪ ಅದನ್ನು ಮಗಳಿಗೆಂದು ತಂದಿದ್ದ. ಹೇಗೂ ಬೆಳೆಯುತ್ತಾಳೆ ಎಂದು ಗಂಡಸರ ಅಳತೆಯದನ್ನೇ ಆರಿಸಿದ್ದ. ಕಿರುಬೆರಳು ಒಳಗೆ ಅಲ್ಲಾಡುತ್ತದೆಂದು ಅವಳು ಅಮ್ಮನ ಹಳೇ ಲಂಗದ ಕೆಂಪು ಬಟ್ಟೆಯ ಚೂರೊಂದನ್ನು ಆ ಬೆರಳಿನೊಳಗೆ ಹೊಲಿದಳು. ಚರ್ಮಕ್ಕೆ ಹೆಬ್ಬಾತಿನ ಕೊಬ್ಬು ಸವರಿ, ಅಂಗೈಯಲ್ಲಿ ಚೆಂಡಿಟ್ಟು, ಜಡೆಯ ರಿಬ್ಬನ್ನಿನಿಂದ ಬಿಗಿದು, ಒಂದಿಡೀ ಚಳಿಗಾಲ ಹಾಸಿಗೆಯ ಕೆಳಗಿಟ್ಟು ಮಲಗಿದಳು. ಗ್ಲೌಸು ಪಳಗುವುದು ಹಾಗೆಯೇ.

ಓಣಿಯಲ್ಲಿ ಅವಳಷ್ಟು ಚೆನ್ನಾಗಿ ಚೆಂಡು ಹಿಡಿಯುವವರು ಇರಲಿಲ್ಲ. ಆದರೆ ೧೯೪೬ರ ವಸಂತದಲ್ಲಿ ಆಟಗಾರರನ್ನು ಹುಡುಕಿಕೊಂಡು ಬಂದ ಟೋಪಿಯವನು ಕರೆದದ್ದು ಮತೂಶನನ್ನು. ಅವಳಿಗಾಗ ಹದಿನಾಲ್ಕು. ರೈಲು ಹೊರಡುವಾಗ ಅವಳೇ ಗ್ಲೌಸನ್ನು ಅವನ ಎದೆಗೊತ್ತಿದಳು.

"ನನ್ನ ಕೈ ತಗೊಂಡ್ ಹೋಗ್ತಿದ್ದೀಯ, ನೆನಪಿರ್ಲಿ. ದೊಡ್ಡ ಮೈದಾನದಲ್ಲಿ ಆಡಿದ್ಮೇಲೆ ನಂಗೇ ತಂದ್ಕೊಡ್ಬೇಕು."

"ತರ್ತೀನಿ ಕಣೇ. ನಾನೇ ತೊಡಿಸ್ತೀನಿ, ಆಯ್ತಾ?"

ಮೂರು ವರ್ಷ ಅವನು ಸಣ್ಣ ಊರುಗಳ ತಂಡಗಳಲ್ಲಿ ಆಡಿದ. ಬಸ್ಸಿನಲ್ಲಿ ನಿದ್ದೆ, ಬಸ್ಸಿನಲ್ಲೇ ಊಟ. ಬಿಸಿಲೇರಿದರೆ ಗ್ಲೌಸು ಅಡುಗೆಮನೆಯಂತೆ ಘಮಘಮಿಸುತ್ತಿತ್ತು, ಬೀದಿನಾಯಿಗಳು ಹಿಂದೆ ಬರುತ್ತಿದ್ದವು. ಅದರಲ್ಲಿ ರಾತ್ರಿಗೆ ಏನು ಹುರಿಯುತ್ತೀಯ ಎಂದು ಜೊತೆಯವರು ಕಾಡುತ್ತಿದ್ದರು. ಅವನು ನಿಲ್ಲುತ್ತಿದ್ದದ್ದು ಎರಡನೇ ಮತ್ತು ಮೂರನೇ ಬೇಸಿನ ನಡುವೆ, ಶಾರ್ಟ್‌ಸ್ಟಾಪ್ ಜಾಗದಲ್ಲಿ. ಅಲ್ಲಿಗೆ ಬಂದ ಚೆಂಡು ಅವನನ್ನು ದಾಟುವುದು ಅಪರೂಪವಾಗಿತ್ತು.

ಆ ಕಾಲದಲ್ಲಿ ಬ್ಯಾಟಿಂಗ್ ಸರದಿ ಬಂದರೆ ಯಾರೂ ಗ್ಲೌಸನ್ನು ಒಳಗೆ ಒಯ್ಯುತ್ತಿರಲಿಲ್ಲ. ನಿಂತಲ್ಲೇ ಹುಲ್ಲಿನ ಮೇಲೆ ಎಸೆದು ನಡೆದುಬಿಡುವುದು. ಎದುರು ತಂಡದವರು ಬಂದು ತಮ್ಮದನ್ನು ಎತ್ತಿಕೊಳ್ಳುವುದು. ಹಸಿರಿನಲ್ಲಿ ಅಲ್ಲಲ್ಲಿ ಮಲಗಿದ ಕಂದು ಕರುಗಳ ಹಾಗೆ ಗ್ಲೌಸುಗಳು ಆಟ ನೋಡುತ್ತಾ ಬಿದ್ದಿರುತ್ತಿದ್ದವು.

೧೯೪೯ರ ಸೆಪ್ಟೆಂಬರಿನಲ್ಲಿ, ದೊಡ್ಡ ತಂಡದ ಶಾರ್ಟ್‌ಸ್ಟಾಪ್‌ನ ಬೆರಳು ಮುರಿದು, ಮತೂಶನಿಗೆ ಕರೆ ಬಂತು. ಒಂದೇ ಒಂದು ಆಟ. ಮೂರು ಅಂತಸ್ತಿನ ಜನ, ತೂರಿಬರುವ ಸಂಜೆಬಿಸಿಲು. ಕೊನೆಯ ಸರದಿಗೆ ಮೈದಾನಕ್ಕಿಳಿದಾಗ ಅವನ ಕಣ್ಣು ಮೂರನೇ ಅಂತಸ್ತಿನಲ್ಲಿ ಬೀಸಣಿಗೆ ಬೀಸುತ್ತಿದ್ದ ಹೆಂಗಸರ ಮೇಲಿತ್ತು. ಬಗ್ಗಿದ, ಅಕ್ಕಪಕ್ಕ ಬಿದ್ದಿದ್ದ ಎರಡರಲ್ಲಿ ಕೈಗೆ ಸಿಕ್ಕ ಗ್ಲೌಸು ತೊಟ್ಟ. ಒಂದು ಚೆಂಡೂ ಅವನ ಕಡೆ ಬರಲಿಲ್ಲ. ಆಟ ಮುಗಿಯಿತು, ಓಡುತ್ತಾ ಒಳಗೆ ಬಂದ. ಮಾರನೆಯ ದಿನ ಅವನನ್ನು ಮತ್ತೆ ಕೆಳಗಿನ ತಂಡಕ್ಕೆ ಕಳಿಸಿದರು. ರೈಲಿನಲ್ಲಿ ಮುಖದ ಮೇಲೆ ಗ್ಲೌಸು ಮುಚ್ಚಿಕೊಂಡು ಮಲಗಲು ಹೋದಾಗ ಹೆಬ್ಬಾತಿನ ಕೊಬ್ಬಿನ ವಾಸನೆಯೇ ಇರಲಿಲ್ಲ.

ಚಳಿಗಾಲಕ್ಕೆ ಮನೆಗೆ ಬಂದಾಗ ಏನೂ ಹೇಳದೆ ಅದನ್ನೇ ತಂಗಿಗೆ ತೊಡಿಸಿದ. ಅವಳು ಕಿರುಬೆರಳು ಅಲ್ಲಾಡಿಸಿದಳು. ಒಳಗೆ ಬಟ್ಟೆಯ ಚೂರು ಇರಲಿಲ್ಲ.

"ಇದು ಯಾರ್ದೋ ಕೈ," ಎಂದು ಕಳಚಿ ಮೇಜಿನ ಮೇಲಿಟ್ಟಳು. ಸಿಟ್ಟು ಮಾಡಲಿಲ್ಲ. ಆದರೆ ಓಣಿಯಲ್ಲಿ ಚೆಂಡು ಹಿಡಿಯುವುದನ್ನು ಅವತ್ತೇ ಬಿಟ್ಟಳು. ಅದು ಮತೂಶನಿಗೆ ಬೈಗುಳಕ್ಕಿಂತ ಭಾರವಾಯಿತು.

ಗ್ಲೌಸು ಹೋಗಿದ್ದು ಎದುರು ತಂಡದ ಶಾರ್ಟ್‌ಸ್ಟಾಪ್ ಲೂಥರ್ ಪೆಂಡರ್ ಎಂಬ ಜಾರ್ಜಿಯದವನ ಬಳಿಗೆ. ಮತೂಶ್ ಪತ್ರ ಬರೆದ. ಉತ್ತರದಲ್ಲಿ ಲೂಥರ್ ಮುಚ್ಚುಮರೆಯಿಲ್ಲದೆ ಹೇಳಿದ್ದ: ಇದನ್ನು ತೊಟ್ಟಾಗಿನಿಂದ ಚೆಂಡು ಕೈತಪ್ಪುವುದೇ ನಿಂತಿದೆ, ಇದು ಹೋದರೆ ನನ್ನ ಅನ್ನವೂ ಹೋಗುತ್ತದೆ, ಕ್ಷಮಿಸು, ನನ್ನದನ್ನು ನೀನೇ ಇಟ್ಟುಕೋ.

ಆಮೇಲಿನ ನಾಲ್ಕು ವರ್ಷ ಮತೂಶ್ ಆಡಿದ್ದು ಅದಕ್ಕಾಗಿಯೇ. ದೊಡ್ಡ ಮೈದಾನ ಮತ್ತೆ ಕರೆಯಲಿಲ್ಲ. ಅಮ್ಮ ಗಿರಣಿಯಲ್ಲಿ ಕೆಲಸ ಹುಡುಕಿಟ್ಟಳು, ಅವನು ಹೋಗಲಿಲ್ಲ. ಆಡುತ್ತಿದ್ದರೆ ಎಂದಾದರೂ ಲೂಥರ್ ಎದುರಾಗುತ್ತಾನೆ ಎನ್ನುತ್ತಿದ್ದ. ಮೇಲೇರಿದವರೆಲ್ಲ ಒಂದು ದಿನ ಕೆಳಗಿನ ತಂಡಗಳಿಗೆ ಇಳಿದೇ ಮನೆಗೆ ಹೋಗಬೇಕಲ್ಲ, ಅದೇ ಅವನ ಲೆಕ್ಕಾಚಾರ. ಸಣ್ಣ ಊರು, ದೊಡ್ಡ ಜೋಳದ ಹೊಲ, ಮತ್ತೆ ಸಣ್ಣ ಊರು. ಬಸ್ಸಿನ ಕಿಟಕಿಯಲ್ಲಿ ಒಂದೇ ಮೈದಾನ ತಿರುತಿರುಗಿ ಬರುತ್ತಿದೆ ಎನಿಸುತ್ತಿತ್ತಂತೆ, ನಡುವೆ ಹುಲ್ಲಿನ ಮೇಲೆ ಒಂಟಿ ಗ್ಲೌಸು.

೧೯೫೩ರ ಆಗಸ್ಟಿನಲ್ಲಿ, ಓಹಾಯೊದ ಮರದ ಗ್ಯಾಲರಿಯ ಒಂದು ಮೈದಾನದಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಲೂಥರ್ ಎದುರು ತಂಡದ ಜೊತೆ ಕಾಣಿಸಿಕೊಂಡ. ಆಟಕ್ಕೆ ಮುಂಚೆ ಮತೂಶ್ ಅವನ ಎದುರು ನಿಂತ. ಕೇಳುವ ಮೊದಲೇ ಲೂಥರ್ ಗ್ಲೌಸನ್ನು ಎದೆಗೆ ಒತ್ತಿಕೊಂಡ.

"ಗೊತ್ತು ಕಣಯ್ಯ, ನೀನ್ಯಾರು ಅಂತ. ವಾಸನೆಯವನು."

"ಅದು ನನ್ ತಂಗೀದು. ನಂದಾಗಿದ್ರೆ ಕೇಳ್ತಿರ್ಲಿಲ್ಲ."

ಲೂಥರ್ ಒಳಗೆ ಬೆರಳಾಡಿಸಿದ. "ಕೆಂಪು ಚೂರು ಅವಳೇ ಹೊಲಿದಿದ್ದಾ? ನಾಲ್ಕು ವರ್ಷದಿಂದ ಯಾರಿರ್ಬೋದು ಅಂದ್ಕೊಂತಿದ್ದೆ." ಮೊಣಕಾಲಿನ ಪಟ್ಟಿ ಬಿಗಿದುಕೊಂಡ. "ಇವತ್ತೊಂದಿನ ಬಿಟ್ಬಿಡು. ನಾಳೆಯಿಂದ ಈ ಕಾಲು ಓಡಲ್ಲ."

ಮತೂಶ್ ಆಗಲಿ ಎಂದು ತಲೆಯಾಡಿಸಿದ. ಕಸಿದುಕೊಳ್ಳಬಹುದಿತ್ತು, ಹುಲ್ಲಿನ ಮೇಲೆ ಬಿದ್ದಿರುವಾಗ ಬಗ್ಗಿದ್ದರೂ ಸಾಕಿತ್ತು. ಎಂಟು ಸರದಿಯೂ ಪಕ್ಕದಲ್ಲೇ ಬಿದ್ದಿದ್ದ ತಂಗಿಯ ಗ್ಲೌಸನ್ನು ಮುಟ್ಟದೆ ಅವನು ಲೂಥರನದನ್ನೇ ತೊಟ್ಟ.

ಒಂಬತ್ತನೆಯ ಸರದಿಯಲ್ಲಿ ಲೂಥರ್ ತನ್ನ ಕೊನೆಯ ಚೆಂಡು ಹಿಡಿದು, ಕುಂಟುತ್ತಾ ಬಂದು, ಗ್ಲೌಸನ್ನು ಎಂದಿನಂತೆ ಎಸೆಯದೆ ಬಗ್ಗಿ ಇಟ್ಟ. ಬಾಯಿ ಮೇಲೆ, ಕಿರುಬೆರಳು ಮತೂಶನ ಕಡೆ. ತನ್ನ ಹಳೆಯದನ್ನು ಎತ್ತಿಕೊಂಡು ತಿರುಗಿ ನೋಡದೆ ನಡೆದ. ಮುಂದಿನ ವರ್ಷ, ಯಾರೂ ಹುಲ್ಲಿನ ಮೇಲೆ ಗ್ಲೌಸು ಬಿಡಬಾರದೆಂದು ನಿಯಮವೇ ಬಂತು. ಅವತ್ತು ಅದನ್ನೆತ್ತಲು ಬಗ್ಗುವಾಗ ಮತೂಶ್ ಈ ಸಲ ಜನರತ್ತ ನೋಡಲಿಲ್ಲ. ಆ ಸರದಿಯ ಕೊನೆಯ ಚೆಂಡು ನೇರ ಅವನ ಕಡೆಗೇ ಬಂತು. ಅಂಗೈಗೆ ಹೋಗಿ ಕೂತಿತು.

ಅವನು ಮರುದಿನದ ಬಸ್ಸು ಹಿಡಿದ. ಮಧ್ಯಾಹ್ನ ಮನೆ ತಲುಪಿದಾಗ ವೆರೋನಾ ಹಿತ್ತಲಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಳು. ಇಪ್ಪತ್ತೊಂದರ ಹೆಂಗಸು, ಬಾಯಲ್ಲಿ ಕ್ಲಿಪ್ಪು. ಅವನು ನೇರ ಅವಳ ಬಳಿ ಹೋದ. ಅವಳ ಎಡಗೈಯನ್ನು ಏಪ್ರನ್ನಿಗೆ ಒರೆಸಿ ಗ್ಲೌಸು ತೊಡಿಸಿದ.

ಅವಳು ಕಣ್ಣು ಮುಚ್ಚಿಕೊಂಡು ಕಿರುಬೆರಳು ಅಲ್ಲಾಡಿಸಲು ನೋಡಿದಳು. ಅಲ್ಲಾಡಲಿಲ್ಲ. ಬಾಯಿಂದ ಕ್ಲಿಪ್ಪು ತೆಗೆದಳು.

"ದೂರ ನಿಂತ್ಕೊ," ಅಂದಳು. "ಎಸಿ."